ಡಬ್ಬಿ ಖಾಲಿ ಕೊಡಬೇಡ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬೆಂಗಳೂರಿನ ಕೆಲಸ, ಬಾಡಿಗೆ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಬಿಡು. ನಿನ್ನ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ. ರಂಜಾನ್ ಹಬ್ಬಕ್ಕೆ ಪಕ್ಕದ ಮನೆಯವರು ಕೊಟ್ಟ ಶೀರ್ ಖುರ್ಮಾವನ್ನು ನಗುತ್ತಾ ತೆಗೆದುಕೊಂಡು ವಾಚ್‌ಮನ್‌ಗೆ ದಾಟಿಸಿದೆ, ಅವರಿಗೆ ಗೊತ್ತಾದರೆ ಏನು ಗತಿ ಅಂತ ಬರೆದಿದ್ದೀಯಲ್ಲ, ಅದು.

ಗೊತ್ತಾಗುತ್ತದೆ ಕಣೇ. ಇವತ್ತಲ್ಲ ನಾಳೆ.

ಮುಂಬೈಯ ಮಾಟುಂಗದಲ್ಲಿದ್ದಾಗ ನನಗೂ ಹೀಗೇ ಆಯಿತು. ಮಾಟುಂಗ ಅಂದರೆ ಅರ್ಧ ನಮ್ಮೂರೇ. ರಾಮ ನಾಯಕರ ಉಡುಪಿ ಬೋರ್ಡಿಂಗಿನಲ್ಲಿ 1942ರಿಂದ ಬಾಳೆಲೆ ಊಟ. ಸುತ್ತ ತಮಿಳರು, ಗುಜರಾತಿಗಳು, ಸ್ವಲ್ಪ ದೂರದಲ್ಲಿ ಪಾರ್ಸಿ ಕಾಲೊನಿ. ಎಲ್ಲರ ನಡುವೆ ಬದುಕುತ್ತೇನೆ ಅಂತ ಊರಿಗೆ ಬಂದಾಗ ಜಂಬ ಬೇರೆ. ತಿನ್ನುತ್ತಿದ್ದದ್ದು ಮಾತ್ರ ನಮ್ಮದನ್ನೇ.

ಕೆಳಗಿನ ಮನೆಯಲ್ಲಿ ಒಬ್ಬ ಪಾರ್ಸಿ ಅಜ್ಜಿ ಇದ್ದರು. ಅವರ ಹೊಸ ವರ್ಷಕ್ಕೆ ಒಂದು ಬಟ್ಟಲು ರವೋ ಕಳಿಸಿದರು. ಮೊಟ್ಟೆ ಇರಬಹುದು ಅನ್ನಿಸಿತು. ಕೇಳಿದರೆ ಬೇಜಾರಾದಾರು ಅಂತ ಕೇಳಲಿಲ್ಲ. ಕಸದ ಬುಟ್ಟಿಗೆ ಸುರಿದೆ. ಮಾರನೇ ದಿನ ಕಸದವಳು ಮೆಟ್ಟಿಲಲ್ಲಿ ಬುಟ್ಟಿ ಚೆಲ್ಲಿಕೊಂಡಳು, ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. ಆಮೇಲೂ ಮಾತಾಡಿಸುತ್ತಿದ್ದರು. ಬಟ್ಟಲು ಬರುವುದು ಮಾತ್ರ ನಿಂತಿತು.

ರವೋ ಅಂದರೆ ನಮ್ಮ ರವೆಯೇ, ಹಾಲು ಸಕ್ಕರೆ ಹಾಕಿ ಮಾಡಿದ್ದು. ಕೆಲವರು ಮೊಟ್ಟೆ ಹಾಕುತ್ತಾರಂತೆ. ಅಜ್ಜಿ ಹಾಕಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ನಿನ್ನ ಶೀರ್ ಖುರ್ಮಾದಲ್ಲಿ ಇರುವುದು ಹಾಲು, ಶಾವಿಗೆ, ಖರ್ಜೂರ, ಗೋಡಂಬಿ. ನಮ್ಮ ಶಾವಿಗೆ ಪಾಯಸದ ನೆಂಟನೇ. ಪಾತ್ರೆಯ ಬಗ್ಗೆ ಮನಸ್ಸು ಅಳುಕಿತು ಅಂದರೆ ನಾನು ಬೈಯಲಾರೆ, ನಾನೂ ಅದೇ ಮನೆಯಲ್ಲಿ ಬೆಳೆದವಳು. ಆದರೆ ಅದೇ ಪತ್ರದಲ್ಲಿ ಮಾಸ್ಕ್ ರೋಡಿನ ಆಲ್ಬರ್ಟ್ ಬೇಕರಿಯಲ್ಲಿ ಕ್ಯೂ ನಿಂತು ಖೋವಾ ನಾನ್ ತಿಂದೆ ಅಂತಲೂ ಬರೆದಿದ್ದೀಯ. 1902ರ ಬೇಕರಿ, ರುಚಿಯಾಗೇ ಇರುತ್ತದೆ. ಅಲ್ಲಿ ಯಾವ ಪಾತ್ರೆ ಅಂತ ಕೇಳಿದೆಯಾ? ದುಡ್ಡು ಕೊಟ್ಟು ತಿಂದರೆ ಅಳುಕಿಲ್ಲ, ಸುಮ್ನೆ ಪ್ರೀತಿಯಿಂದ ಕೊಟ್ಟರೆ ಅಳುಕು, ಅಲ್ವಾ? ಇರಲಿ, ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿದೆ.

ಮಾಂಸ ತಿನ್ನಲ್ಲ ಅಂತ ಅವರಿಗೆ ಬಾಯಿಬಿಟ್ಟು ಹೇಳಿಬಿಡು. ಫ್ರೇಜರ್ ಟೌನಿನಲ್ಲಿ ಇರುವವರಿಗೆ ಅದೇನು ಹೊಸದಾ? ವಾಚ್‌ಮನ್ ವಿಷಯ ಹೇಳಬೇಕೋ ಬೇಡವೋ ನನಗೂ ತಿಳಿಯುತ್ತಿಲ್ಲ. ನಾನಂತೂ ಹೇಳಲಿಲ್ಲ. ಅಜ್ಜಿ ಹೋಗಿಬಿಟ್ಟರು.

ಅವರ ಡಬ್ಬಿ ಇನ್ನೂ ನಿನ್ನ ಹತ್ತಿರವೇ ಇದೆಯಾ? ಖಾಲಿ ಕೊಡಬೇಡ. ಶನಿವಾರ ಬಸ್ಸಿಗೆ ಕೋಡುಬಳೆ ಹಾಕಿ ಕಳಿಸುತ್ತೇನೆ. ಖಾರ ಕಮ್ಮಿ ಮಾಡಲಾ, ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ, ಬರಿ.

ನಿನ್ನ ದೊಡ್ಡಮ್ಮ