ಬಾಯಮ್ಮನ ಅಚ್ಚು ಬಸ್ಸಿಗೆ ಹಾಕಿದ್ದೇನೆ

ಮಂಗಳೂರು
ಡಿಸೆಂಬರ್ 9

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. "ಈ ಸಲ ಕ್ರಿಸ್‌ಮಸ್ ಅಂತ ಏನೂ ಇಲ್ಲ ಮಾರಾಯಾ, ಚರ್ಚಿಗೆ ಹೋಗಿ ಬರುವುದು, ಅಷ್ಟೇ" ಅಂತ ಬರೆದಿದ್ದೆ. ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಬೆಂಗಳೂರಿನ ಬಾಡಿಗೆ, ಮಕ್ಕಳ ಫೀಸು, ಎಲ್ಲ ನನಗೆ ಗೊತ್ತಿದೆ. ಹೊಸ ಬಟ್ಟೆ ಬೇಡ, ಪ್ಲಾಸ್ಟಿಕ್ ಮರ ಬೇಡ, ಬೇಕರಿಯ ದುಬಾರಿ ಕೇಕ್ ಬೇಡ ಅಂದದ್ದು ಸರಿ. ಆದರೆ ಕುಸ್ವಾರ್, ಹಬ್ಬಕ್ಕೆ ಮನೆಯಲ್ಲೇ ಮಾಡಿ ಓಣಿಗೆಲ್ಲ ಹಂಚುವ ಆ ತಿಂಡಿಗಳ ತಟ್ಟೆ, ಅದೂ ಬೇಡ ಅಂದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಫೋನಿನಲ್ಲಿ ಹೇಳಿದರೆ "ಆಯ್ತು, ನೋಡುವ" ಅಂತ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಕೇಳಿಯೇ, ಹೆಸರು ಹಾಕದೆ, ಇಲ್ಲಿ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ಈ ವರ್ಷ ಕೈ ಬಿಗಿ ಇರುವುದು ನಿನಗೊಬ್ಬನಿಗೇ ಅಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ಡಿಸೆಂಬರ್ ರಜೆಯಲ್ಲಿ ನೀನು ಇಡೀ ದಿನ ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಿದ್ದೆ. ನಿಮ್ಮ ಅಡುಗೆಮನೆಯಲ್ಲಿ ಬಾಯಮ್ಮನ ಪಕ್ಕ ಮಣೆ ಹಾಕಿ ಕೂರುತ್ತಿದ್ದವನು ನಾನು. ನಿನ್ನ ಅಪ್ಪ ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿದ ವರ್ಷ ನಾವು ಏಳನೇ ಕ್ಲಾಸು. ಆ ವರ್ಷ ತಟ್ಟೆಯಲ್ಲಿ ಇದ್ದದ್ದು ಮೂರೇ ಬಗೆ. ನೆವ್ರ್ಯೊ, ಕಿಡ್ಯೊ, ತುಕ್ಡಿ. ಕೇಕ್ ಇರಲಿಲ್ಲ. ಗೇರುಬೀಜದ ಜಾಗದಲ್ಲಿ ನೆಲಗಡಲೆ. ಆದರೆ ತಟ್ಟೆಯ ಮೇಲೆ ಅದೇ ಕಸೂತಿ ಹಾಕಿದ ಬಿಳಿ ಬಟ್ಟೆ ಇತ್ತು. ತಟ್ಟೆ ನಮ್ಮ ಓಣಿಯ ಒಂಬತ್ತು ಮನೆಗೂ ಹೋಯಿತು. ನಿನ್ನ ತಂಗಿಯ ಜೊತೆ ಹೊತ್ತುಕೊಂಡು ಹೋದವನು ನಾನೇ. ಯಾವ ಮನೆಯವರೂ "ಈ ಸಲ ಮೂರೇ ಬಗೆಯಾ?" ಅಂತ ಕೇಳಲಿಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮಜ್ಜಿಗೆ ಮೊಟ್ಟೆ ಆಗುತ್ತಿರಲಿಲ್ಲ. ಬಾಯಮ್ಮ ಎಣ್ಣೆ ಇಟ್ಟ ಕೂಡಲೇ ಮೊದಲು ಕರಿಯುತ್ತಿದ್ದದ್ದು ನೆವ್ರ್ಯೊ. ಅವರು ಅದಕ್ಕೆ ಮೊಟ್ಟೆ ಹಾಕುತ್ತಿರಲಿಲ್ಲ. ಹೊಸ ಎಣ್ಣೆ, ತೊಳೆದಿಟ್ಟ ಜಾಲರಿ ಸೌಟು. ಹತ್ತು ನೆವ್ರ್ಯೊ ಬೇರೆ ತೆಗೆದು, ಬಾಳೆಲೆಯಲ್ಲಿ ಸುತ್ತಿ, ಬಿಳಿ ನೂಲಿನಿಂದ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದರು. "ಇದು ನಿನ್ನ ಅಜ್ಜಿಗೆ. ಬೇರೆಯದಕ್ಕೆ ತಾಗಿಸಬೇಡ ಮಗಾ." ಅಜ್ಜಿ ಆ ನೂಲನ್ನು ಕತ್ತರಿಸುತ್ತಿರಲಿಲ್ಲ. ಗಂಟು ಬಿಡಿಸಿ, ಬೆರಳಿಗೆ ಸುತ್ತಿ, ಹೂ ಕಟ್ಟಲು ಅಂತ ತೆಗೆದಿಡುತ್ತಿದ್ದರು. ತಟ್ಟೆ ವಾಪಸ್ ಹೋಗುವಾಗ ಅಮ್ಮ ಅದರಲ್ಲಿ ಸಕ್ಕರೆ ಹಾಕುತ್ತಿದ್ದರು. ಖಾಲಿ ತಟ್ಟೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ.

ನಿನ್ನ ಮಕ್ಕಳು ಈ ತಟ್ಟೆ ಹೊತ್ತುಕೊಂಡು ಒಂದು ಬಾಗಿಲನ್ನಾದರೂ ತಟ್ಟಬೇಕು ಅಂತ ನನ್ನ ಆಸೆ. ಅದಕ್ಕೆ ಬೇಕಾದ್ದು ಒಂದೂವರೆ ಕೆ.ಜಿ. ಮೈದಾ, ಎರಡು ತೆಂಗಿನಕಾಯಿ, ಒಂದು ಕೆ.ಜಿ. ಸಕ್ಕರೆ, ಒಂದು ಲೀಟರ್ ಎಣ್ಣೆ, ಎರಡು ಮೊಟ್ಟೆ, 100 ಗ್ರಾಂ ಎಳ್ಳು, ಸ್ವಲ್ಪ ನೆಲಗಡಲೆ. ತುಪ್ಪ, ಏಲಕ್ಕಿ ಮನೆಯಲ್ಲಿ ಇದ್ದೇ ಇರುತ್ತದೆ. ನಮ್ಮ ಅಂಗಡಿಯಲ್ಲಿ ಲೆಕ್ಕ ಹಾಕಿಸಿದೆ, 500 ರೂಪಾಯಿಯ ಆಸುಪಾಸು ಬರುತ್ತದೆ.

ಮೊದಲು ನೆವ್ರ್ಯೊ. ಘಟ್ಟದ ಮೇಲಿನವರ ಕರ್ಜಿಕಾಯಿ ಇದ್ದ ಹಾಗೆಯೇ. ಅರ್ಧ ಕೆ.ಜಿ. ಮೈದಾಕ್ಕೆ ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು ಹಾಕಿ ಪೂರಿ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸು. ಹೂರಣಕ್ಕೆ ಒಂದು ಕಾಯಿಯ ತುರಿ. ಅದನ್ನು ಸಣ್ಣ ಉರಿಯಲ್ಲಿ, ಕೈಗೆ ಅಂಟದಷ್ಟು ಒಣಗುವ ತನಕ ಹುರಿಯಬೇಕು. ಇಲ್ಲಿ ಅವಸರ ಮಾಡಬೇಡ. ತುರಿಯಲ್ಲಿ ಹಸಿ ಉಳಿದರೆ ನಾಲ್ಕೇ ದಿನಕ್ಕೆ ಕಮಟು ವಾಸನೆ ಬರುತ್ತದೆ. ಹುರಿದ ಎಳ್ಳು, ಹುರಿದು ಕುಟ್ಟಿದ ನೆಲಗಡಲೆ, 200 ಗ್ರಾಂ ಸಕ್ಕರೆ, ಏಲಕ್ಕಿ ಪುಡಿ ಸೇರಿಸು. ತೆಳ್ಳಗೆ ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ಉರುಟು ಕತ್ತರಿಸಿ, ಒಂದೊಂದು ಚಮಚ ತುಂಬಿಸಿ, ಅಂಚಿಗೆ ನೀರು ಸವರಿ ಮಡಚಿ ಫೋರ್ಕಿನಿಂದ ಒತ್ತು. ಅಂಚು ಬಿಟ್ಟುಕೊಂಡರೆ ಹೂರಣ ಎಣ್ಣೆಗೆ ಬಿದ್ದು ಕರಟಿ, ಮುಂದಿನದೆಲ್ಲ ಕಹಿಯಾಗುತ್ತದೆ.

ಕಿಡ್ಯೊ ಮಕ್ಕಳ ಕೆಲಸ. ಅದನ್ನು ಅವರಿಗೇ ಬಿಟ್ಟುಬಿಡು. ಅರ್ಧ ಕೆ.ಜಿ. ಮೈದಾಕ್ಕೆ ಒಂದು ಮೊಟ್ಟೆ, ನಾಲ್ಕು ಚಮಚ ಸಕ್ಕರೆ ಪುಡಿ, ಉಪ್ಪು, ಎರಡು ಚಮಚ ಬಿಸಿ ತುಪ್ಪ. ಆಮೇಲೆ ದಪ್ಪ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಗಟ್ಟಿ ಕಲಸಬೇಕು. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡು. ಗೋಲಿಯಷ್ಟು ದೊಡ್ಡ ಉಂಡೆ ಮಾಡಿ, ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಹಿಟ್ಟು ಹಲ್ಲಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಆಮೇಲೆ ತುದಿಯಿಂದ ಚಾಪೆ ಸುತ್ತಿದ ಹಾಗೆ ಸುತ್ತಿ ಬಿಡಿಸು. ಹೊರಗಡೆ ಗೆರೆ ಗೆರೆ, ಒಳಗೆ ಪೊಳ್ಳು. ನಿಮ್ಮ ಕೊಂಕಣಿಯಲ್ಲಿ ಕಿಡ್ಯೊ ಅಂದರೆ ಹುಳುಗಳು ಅಂತ ಹೇಳು, ಮಗ ಎದ್ದೇ ಹೋಗುವುದಿಲ್ಲ. ನಾನು ಸುತ್ತಿದ್ದು ಮೊದಮೊದಲು ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಬಾಯಮ್ಮ ಒಂದು ದಿನವೂ ಬೈಯಲಿಲ್ಲ. ಬಿಚ್ಚಿಕೊಂಡದ್ದನ್ನೆಲ್ಲ ಒಂದು ಪಿಂಗಾಣಿಯಲ್ಲಿ ಹಾಕಿ, "ಇದು ಕೆಲಸದವನ ಸಂಬಳ" ಅಂತ ಬಿಸಿಬಿಸಿ ಕೊಡುತ್ತಿದ್ದರು.

ಕರಿದ ಮೇಲೆ ಪಾಕ. ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು. ಪಾಕ ಗಟ್ಟಿ ಎಳೆಗೆ ಬಂದಾಗ ಒಲೆ ಆರಿಸಿ, ಕಿಡ್ಯೊ ಸುರಿದು ಕೈ ಬಿಡದೆ ಮಗುಚುತ್ತಾ ಇರು. ಸ್ವಲ್ಪ ಹೊತ್ತಿಗೆ ಸಕ್ಕರೆ ಬೆಳ್ಳಗೆ ಒಣಗಿ ಹಿಡಿದುಕೊಳ್ಳುತ್ತದೆ. ಉಳಿದ ಹಿಟ್ಟನ್ನು ಲಟ್ಟಿಸಿ ಶಂಕರಪೋಳಿಯ ಹಾಗೆ ಚೌಕಚೌಕ ಕತ್ತರಿಸಿ ಕರಿದರೆ ಅದೇ ತುಕ್ಡಿ. ಅದಕ್ಕೆ ಬೇರೆ ಪಾಠ ಬೇಡ. ಎಲ್ಲ ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕು.

ಕೇಕ್ ಬೇಕೇ ಬೇಕು ಅಂತ ಮಕ್ಕಳು ಹಠ ಹಿಡಿದರೆ ಬಾತ್ ಮಾಡು. ಚಿರೋಟಿ ರವೆ, ತೆಂಗಿನ ತುರಿ, ಸಕ್ಕರೆ ತಲಾ ಒಂದು ಲೋಟ, ಎರಡು ಮೊಟ್ಟೆ, ಕಾಲು ಲೋಟ ಬೆಣ್ಣೆ. ಕಲಸಿ ಮೂರು ನಾಲ್ಕು ಗಂಟೆ ಬಿಟ್ಟರೆ ರವೆ ನೆನೆದು ಉಬ್ಬುತ್ತದೆ. ಆಮೇಲೆ ಒಂದು ಚಮಚ ಬೇಕಿಂಗ್ ಪೌಡರ್. ಓವನ್ ಬೇಡ. ದಪ್ಪ ತಳದ ಪಾತ್ರೆಯಲ್ಲಿ ಒಂದಿಂಚು ಮರಳು ಕಾಯಿಸಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಹಿಂದೆ ನಿಮ್ಮ ಮನೆಯಲ್ಲಿ ಮೇಲೆ ಕೆಳಗೆ ಕೆಂಡ ಹಾಕಿ ಬೇಯಿಸುತ್ತಿದ್ದರು, ಮೇಲ್ಭಾಗ ಕೆಂಪಾಗುತ್ತಿತ್ತು. ಇದು ಅಷ್ಟು ಕೆಂಪಾಗುವುದಿಲ್ಲ, ಆದರೆ ರುಚಿ ಅದೇ.

ಅಡುಗೆ 20ರ ನಂತರ ಶುರು ಮಾಡಿದರೆ ಸಾಕು. ಇವತ್ತೇ ಮಾಡಬೇಕಾದ್ದು ಬೇರೆ ಇದೆ. ರಾತ್ರಿ ಮಲಗುವ ಮೊದಲು ಒಂದು ಹಿಡಿ ರಾಗಿ ನೆನೆಹಾಕು. ನಾಡಿದ್ದು ಅದನ್ನು ನಾಲ್ಕೈದು ಗೆರಟೆಯಲ್ಲಿ ಮಣ್ಣು ತುಂಬಿ ಒತ್ತಾಗಿ ಚೆಲ್ಲು. ಗೆರಟೆ ಇಲ್ಲದಿದ್ದರೆ ಮೊಸರಿನ ಡಬ್ಬಿ ಆಗುತ್ತದೆ. ದಿನಾ ನೀರು ಚಿಮುಕಿಸುವ ಕೆಲಸ ಮಗಳಿಗೆ ಕೊಡು. 24ಕ್ಕೆ ಬೆರಳುದ್ದ ಹಸಿರು ನಿಂತಿರುತ್ತದೆ. ಅದೇ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಹುಲ್ಲುಗಾವಲು. ನಿಮ್ಮ ಜಗಲಿಯ ಗೋದಲಿಯಲ್ಲಿ ಬಾಯಮ್ಮ ಬತ್ತ ಹಾಕುತ್ತಿದ್ದರು, ನೆನಪಾಯಿತಾ? ಬೆಂಗಳೂರಿನಲ್ಲಿ ಬತ್ತ ಹುಡುಕುವುದಕ್ಕಿಂತ ರಾಗಿ ಸುಲಭ.

ಗೋದಲಿ ಯಾಕೆ ಇಡುತ್ತೇವೆ ಅಂತ ಮಗಳು ಕೇಳಿದಳು ಅಂದಿದ್ದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಮೊದಲು ಇಟ್ಟದ್ದು ಅಂತ ಹೇಳು. ಅವರು ಅದಕ್ಕೆ ತಂದದ್ದು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಡವರ ಕೊಟ್ಟಿಗೆಯನ್ನು ತೋರಿಸಲಿಕ್ಕೇ ಇಟ್ಟದ್ದು ಅದು. ಅಂಗಡಿಯ ಮಿಂಚುವ ಸೆಟ್ ಕೊಳ್ಳಲಿಲ್ಲ ಅಂತ ನೀನು ಬೇಜಾರು ಮಾಡಬೇಡ. ಗಣೇಶ ಹಬ್ಬಕ್ಕೆ ಮಕ್ಕಳು ಮಣ್ಣಿನ ಗಣಪತಿ ಮಾಡಿದ್ದರಲ್ಲ, ಆ ಜೇಡಿಮಣ್ಣು ಉಳಿದಿದ್ದರೆ ನೆನೆಹಾಕು. ಮರಿಯಮ್ಮ, ಜೋಸೆಫ್, ಎರಡು ಕುರಿ ಮಾಡಲಿ. ಮೂಗು ಸೊಟ್ಟಗಾದರೂ ಇರಲಿ. ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಗುಡ್ಡಕ್ಕೆ ಖಾಕಿ ಕಾಗದವನ್ನು ಚೆನ್ನಾಗಿ ಮುದುಡಿ, ಚಹಾದ ಡಿಕಾಕ್ಷನ್ ಸವರಿದರೆ ಥೇಟ್ ಬಂಡೆಕಲ್ಲು. ಬಾಲಯೇಸುವನ್ನು ಮಾತ್ರ ಎತ್ತಿಡು, 24ರ ಮಧ್ಯರಾತ್ರಿಯ ತನಕ ಹುಲ್ಲಿನ ಹಾಸಿಗೆ ಖಾಲಿ ಇರಲಿ. ಮೂವರು ರಾಜರನ್ನು ಮನೆಯ ಇನ್ನೊಂದು ಮೂಲೆಯಲ್ಲಿಟ್ಟು, ದಿನಕ್ಕೊಂದು ಗೇಣು ಮುಂದೆ ಸರಿಸುತ್ತಾ ಜನವರಿ 6ಕ್ಕೆ ತಲುಪಿಸಲಿ. ಹಬ್ಬ ಮುಗಿದರೂ ಮಕ್ಕಳಿಗೆ ಕೆಲಸ ಉಳಿಯುತ್ತದೆ.

ನಕ್ಷತ್ರದ ಕೆಲಸ ನಿನಗೇ ಬರುತ್ತದೆ. ದೀಪಾವಳಿಗೆ ನಾನು ಗೂಡುದೀಪ ಕಟ್ಟಲು ಕಲಿಸಿದ್ದು, ಕ್ರಿಸ್‌ಮಸ್‌ಗೆ ನೀನು ನಕ್ಷತ್ರ ಕಲಿಸಿದ್ದು. ಶಿವಾಜಿನಗರದ ಕಡೆ ಬಂಬೂ ಬಜಾರ್ ಇದೆಯಲ್ಲ, ಅಲ್ಲಿ ಬಿದಿರಿನ ಸೀಳು ಸಿಗುತ್ತದಾ ಕೇಳು. ಎರಡಡಿಯ 10 ಸೀಳು ಬೇಕು. ಐದೈದರಿಂದ ಒಂದೊಂದು ನಕ್ಷತ್ರ. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿ ಕಟ್ಟಿಬಿಡು. ಆಮೇಲೆ ಒಳಗಡೆ ಸೀಳುಗಳು ದಾಟುವ ಐದು ಕಡೆ ನಾಲ್ಕಿಂಚಿನ ತುಂಡು ಕಡ್ಡಿ ಕೊಟ್ಟು ಅಗಲಿಸಿದರೆ ಹೊಟ್ಟೆ ಉಬ್ಬುತ್ತದೆ. ಮೇಲೆ ಗಾಳಿಪಟದ ಕಾಗದ, ಮೈದಾ ಕಾಯಿಸಿದ ಅಂಟು. ಬಲ್ಬು ಇಳಿಸಲು ಒಂದು ಕಡೆ ಬಿಟ್ಟಿರು. ಸಣ್ಣ ಎಲ್‌ಇಡಿ ಬಲ್ಬು ಹಾಕು, ಮೇಣದಬತ್ತಿ ಮಾತ್ರ ಬೇಡ. ಮಗನಿಗೆ ಹಿಡಿಸೂಡಿ ಕಡ್ಡಿಯಲ್ಲಿ ಅಂಗೈಯಷ್ಟು ದೊಡ್ಡದು ಕಟ್ಟಲು ಹೇಳಿಕೊಡು. ಹಳೆಯ ಮದುವೆ ಕಾಗದಗಳ ಬಂಗಾರದ ಅಂಚು ಕತ್ತರಿಸಿ ಅಂಟಿಸಿದರೆ ಅದೂ ಮಿನುಗುತ್ತದೆ.

ಕೊನೆಗೆ ಅಚ್ಚಿನ ವಿಷಯ. ನೀವು ಊರಿನ ಮನೆ ಕೊಟ್ಟು ಹೋಗುವಾಗ ಬಾಯಮ್ಮ ಹೂವಿನಾಕಾರದ ರೋಸ್ ಕುಕ್ಕಿಯ ಅಚ್ಚನ್ನು ನಮ್ಮ ಅಮ್ಮನ ಕೈಗೆ ಕೊಟ್ಟಿದ್ದರು. ಅದು ಇಷ್ಟು ವರ್ಷ ನಮ್ಮ ಅಟ್ಟದಲ್ಲಿತ್ತು. ಮೊನ್ನೆ ತೆಗೆದು, ತುಕ್ಕು ಉಜ್ಜಿ, ಎರಡು ದಿನ ತೆಂಗಿನೆಣ್ಣೆಯಲ್ಲಿ ಮುಳುಗಿಸಿಟ್ಟಿದ್ದೆ. ನಿನ್ನೆ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ್ದೇನೆ. ಹಿಡಿಗೆ ಅವರು ಸುತ್ತಿದ್ದ ಬಟ್ಟೆ ಹಾಗೇ ಇದೆ, ಬಿಚ್ಚಬೇಡ.

ಒಂದು ಲೋಟ ಮೈದಾ, ಅರ್ಧ ಲೋಟ ಅಕ್ಕಿ ಹಿಟ್ಟು, ಅರ್ಧ ಲೋಟ ಸಕ್ಕರೆ ಪುಡಿ, ಒಂದು ಮೊಟ್ಟೆ, ಒಂದು ಚಮಚ ಕರಿಎಳ್ಳು. ಕಿಡ್ಯೊ ಕಲಸಿ ಉಳಿದ ತೆಂಗಿನ ಹಾಲು ಇದಕ್ಕೆ. ಹಿಟ್ಟು ನೀರುದೋಸೆಯದಕ್ಕಿಂತ ದಪ್ಪ, ಉದ್ದಿನ ದೋಸೆಯದಕ್ಕಿಂತ ತೆಳು ಇರಬೇಕು. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದು. ಪೂರ್ತಿ ಮುಳುಗಿದರೆ ಹಿಟ್ಟು ಮೇಲಿನಿಂದ ಹಿಡಿದುಕೊಂಡು ಬಿಡುವುದೇ ಇಲ್ಲ. ಎಣ್ಣೆಗೆ ಇಳಿಸಿ, ಅಂಚು ಗಟ್ಟಿಯಾದಾಗ ಮೆಲ್ಲ ಅಲ್ಲಾಡಿಸಿದರೆ ಹೂ ತಾನಾಗಿ ಕಳಚಿ ತೇಲುತ್ತದೆ. ಮೊದಲಿನ ಎರಡು ಮೂರು ಅಂಟುತ್ತವೆ. ಬಾಯಮ್ಮನ ಕೈಯಲ್ಲೂ ಅಂಟುತ್ತಿದ್ದವು. ಕಡ್ಡಿಯಿಂದ ಬಿಡಿಸಿ ಮುಂದಿನದಕ್ಕೆ ಹೋಗು. ಬಾಣಲೆ ಹತ್ತಿರ ಮಕ್ಕಳನ್ನು ಬಿಡಬೇಡ.

ನಿಮ್ಮ ಎದುರು ಮನೆಯ ಅಜ್ಜಿ ಮೊಟ್ಟೆ ತಿನ್ನುತ್ತಾರಾ, ಮೊದಲೇ ಕೇಳಿಟ್ಟುಕೋ. ತಿನ್ನದಿದ್ದರೆ ನೆವ್ರ್ಯೊ ಮೊದಲು ಕರಿ, ಹತ್ತು ಬೇರೆ ಕಟ್ಟು. ಪಾರ್ಸೆಲ್ಲಿನಲ್ಲಿ ಅಚ್ಚಿನ ಜೊತೆ ಬಿಳಿ ನೂಲಿನ ಒಂದು ಉಂಡೆಯೂ ಇದೆ.

ನಿನ್ನ ಹಳೆಯ ನೆರೆಮನೆಯವ