05 ನಂಬರಿನ ಕಾರು

ಸಂಪಾದಕರಿಗೆ ನಮಸ್ಕಾರ,

ನಮ್ಮ ಚಿಕ್ಕಮಗಳೂರಲ್ಲಿ ಕಾಫಿ ತೋಟದ ಮಣ್ಣು ರೋಡಲ್ಲಿ ರ‍್ಯಾಲಿ ನಡೆದ್ರೆ ಹುಡುಗರೆಲ್ಲ ಬೆಳಿಗ್ಗೆನೇ ಹೋಗಿ ಬೇಲಿ ಪಕ್ಕ ನಿಂತಿರ್ತಾರೆ, ಆದ್ರೆ ಆಸ್ಟ್ರೇಲಿಯಾದ ಕಾರ್ ರೇಸ್ ಡ್ರೈವರ್ ಪೀಟರ್ ಬ್ರಾಕ್ ಹೆಸರು ಕೇಳಿದೋರು ಬಹಳ ಕಮ್ಮಿ. ಅಲ್ಲಿನ ಬಾಥರ್ಸ್ಟ್ ಅನ್ನೋ ಊರಲ್ಲಿ ಮೌಂಟ್ ಪನೋರಮಾ ಗುಡ್ಡ ಹತ್ತಿ ಇಳಿಯೋ 6.2 ಕಿಲೋಮೀಟರ್ ಟ್ರ್ಯಾಕ್ ಇದೆ, ರೇಸ್ ಇಲ್ಲದ ದಿನ ಅದು ಮಾಮೂಲಿ ಜನರ ರೋಡು. ಅಲ್ಲಿನ ದೊಡ್ಡ ರೇಸನ್ನ ಈ ಮನುಷ್ಯ 9 ಸಲ ಗೆದ್ದಿದಾರೆ! 1972ರಲ್ಲಿ ಮೊದಲ್ನೇದು, ಮಳೆ ರೇಸಲ್ಲಿ ಒಬ್ಬರೇ ಕಾರು ಓಡಿಸಿ. 1979ರಲ್ಲಂತೂ ಎರಡನೇ ಕಾರಿಗಿಂತ 6 ಲ್ಯಾಪ್, ಅಂದ್ರೆ ಟ್ರ್ಯಾಕಿನ 6 ಸುತ್ತು ಮುಂದಿದ್ರು, ಆರಾಮಾಗಿ ಮುಗಿಸಬಹುದಿತ್ತು, ಆದ್ರೂ ಕೊನೇ ಲ್ಯಾಪಲ್ಲೇ ಅತಿ ವೇಗದ ಸುತ್ತಿನ ರೆಕಾರ್ಡ್ ಮಾಡಿದ್ರು, ಈಗ್ಲೂ ನೆನೆಸಿಕೊಂಡ್ರೆ ಮೈ ಜುಮ್ ಅನ್ನುತ್ತೆ. ಮಾಮೂಲಿ ಕಾರುಗಳನ್ನೇ ರೇಸಿಗೆ ತಯಾರು ಮಾಡಿ ಓಡಿಸೋ ಆಸ್ಟ್ರೇಲಿಯಾದ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ಪೂ 3 ಸಲ ಗೆದ್ರು, 1974, 1978, 1980.

ನಾನು ಬರೀತಿರೋದು ಮುಖ್ಯವಾಗಿ ಅವರ ಕಾರಿನ 05 ನಂಬರಿಗೋಸ್ಕರ. ಆಸ್ಟ್ರೇಲಿಯಾದಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.05 ದಾಟಿದ್ರೆ ಡ್ರೈವ್ ಮಾಡಂಗಿಲ್ಲ, ಆ ಪ್ರಚಾರಕ್ಕೇ ಆ ನಂಬರ್ ಹಾಕ್ಕೊಂಡಿದ್ದು. ವೀಕೆಂಡ್ ಬಂದ್ರೆ ಕೈಮರದಿಂದ ಮುಳ್ಳಯ್ಯನಗಿರಿ ರೋಡಲ್ಲಿ ಕುಡಿದು ಕಾರು ಓಡಿಸೋರನ್ನ ನೋಡಿ ನಮಗೆ ಮಕ್ಕಳನ್ನ ಕರ್ಕೊಂಡು ಹೋಗೋಕೇ ಭಯ ಆಗಿದೆ. ನಮ್ಮ ರ‍್ಯಾಲಿ ಡ್ರೈವರ್‌ಗಳೂ ಕಾರಿನ ಮೇಲೆ ಹಂಗೊಂದು ಮಾತು ಬರೆಸಿದ್ರೆ ಹುಡುಗರು ಖಂಡಿತ ಕೇಳ್ತಾರೆ, ಪೊಲೀಸರು ಹೇಳಿದ್ದಕ್ಕಿಂತ ಜಾಸ್ತಿ.

ಬ್ರಾಕ್ 2006ರ ಸೆಪ್ಟೆಂಬರ್ 8ಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ರ‍್ಯಾಲಿಯೊಂದರಲ್ಲಿ ಕಾರು ಮರಕ್ಕೆ ಬಡಿದು ತೀರಿಕೊಂಡ್ರು, ಆಗ 61 ವರ್ಷ. ದಯವಿಟ್ಟು ನಿಮ್ಮ ಕ್ರೀಡಾ ಪುಟದಲ್ಲಿ ಅವರ ಬಗ್ಗೆ ಫೋಟೋ ಸಮೇತ ಒಂದು ಲೇಖನ ಹಾಕಿ.

— ನಿಮ್ಮ ಓದುಗ, ಚಿಕ್ಕಮಗಳೂರು