ಮಗಳಿಗೊಂದು ಪತ್ರ: ನಿನ್ನ ಊರಿನ ಹಿಮ, ನನ್ನ ಎಂಟನೇ ತರಗತಿ

ಕೊಪ್ಪಳ
23 ಜನವರಿ 2025

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಮಾತಾಡಿದ್ದು ನನಗೆ ಸಾಲಲಿಲ್ಲ. ನೀನು ನಗುತ್ತಾ, ಕೂಗುತ್ತಾ, ನಡುನಡುವೆ ಚಳಿಗೆ ಹಲ್ಲು ಕಟಕಟ ಅನ್ನಿಸುತ್ತಾ ಹೇಳಿದ್ದರಲ್ಲಿ ಅರ್ಧ ಕೇಳಿಸಲೇ ಇಲ್ಲ. ಅದಕ್ಕೇ ಈ ಪತ್ರ. ನೀನೂ ಬರೆದೇ ಉತ್ತರ ಕೊಡಬೇಕು. ವಾಯ್ಸ್ ಮೆಸೇಜ್ ನಡೆಯಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿನಗೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸೀಟು ಸಿಕ್ಕಾಗ ಎಲ್ಲರಿಗಿಂತ ಜಾಸ್ತಿ ಸಮಾಧಾನ ಆಗಿದ್ದು ನಿನ್ನ ಅಪ್ಪನಿಗೆ. ಬಾಳೆಗಿಡ ಬೆಳೆಯುವ ಊರು, ಸೆಕೆ ಇರುವ ಊರು, ನಮ್ಮ ಹುಡುಗಿಗೆ ಚಳಿ ಕಾಟ ಇಲ್ಲ ಅಂತ ಊರೆಲ್ಲಾ ಹೇಳಿಕೊಂಡು ಬಂದಿದ್ದರು. ಆ ಊರಲ್ಲಿ ಈಗ ಎಂಟು ಇಂಚು ಹಿಮ! ವಿಮಾನ ನಿಲ್ದಾಣದಲ್ಲಿ ಅಳೆದ ಲೆಕ್ಕ ಅದು. 1963ರ ಡಿಸೆಂಬರ್ 31ಕ್ಕೆ ಅಲ್ಲಿ ಒಮ್ಮೆ ನಾಲ್ಕೂವರೆ ಇಂಚು ಬಿದ್ದಿತ್ತಂತೆ. ಈಗ ಬಿದ್ದಷ್ಟು ಹಿಮ ನೋಡಲು 1895ರ ಫೆಬ್ರವರಿಗೆ ಹೋಗಬೇಕು. ನಿಮ್ಮ ಲೂಸಿಯಾನಾ ರಾಜ್ಯದ ಲೇಕ್ ಚಾರ್ಲ್ಸ್ ಹವಾಮಾನ ಕಚೇರಿ ತನ್ನ ಇತಿಹಾಸದಲ್ಲೇ ಮೊದಲ ಸಲ ಹಿಮಬಿರುಗಾಳಿಯ ಎಚ್ಚರಿಕೆ ಕೊಟ್ಟಿತು ಅಂತ ಓದಿದೆ. ನಿನ್ನ ಮನೆ ಕೆಳಗಿನ ಅಜ್ಜಿ ಕೂಡ ಹುಟ್ಟಿದಾಗಿನಿಂದ ಇಂಥದ್ದು ನೋಡಿಲ್ಲ ಅಂದಳು ಅಂದೆಯಲ್ಲ. ಅದು ನಿಜವೇ ಇರಬೇಕು.

ಮಂಗಳವಾರ ರಾತ್ರಿ ವಿಡಿಯೊ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ನೋಡಿದೆ. ಬಾಲ್ಕನಿಯ ಕಬ್ಬಿಣದ ಕಂಬಿ ಮೇಲೆ ಹಿಮ ಎಷ್ಟು ಸಣ್ಣಗೆ, ಎಷ್ಟು ನೇರವಾಗಿ ಕೂತಿತ್ತು! ಕಂಬಿ ಎರಡು ಬೆರಳು ಅಗಲ, ಅದರ ಮೇಲೆ ನಾಲ್ಕು ಬೆರಳು ಎತ್ತರದ ಹಿಮ, ಆದರೂ ಬಿದ್ದಿಲ್ಲ. ಪಕ್ಕದಲ್ಲಿ ಬಾಳೆ ಎಲೆ ಭಾರಕ್ಕೆ ಬಗ್ಗಿ ನೆಲ ಮುಟ್ಟಿತ್ತು. ನೀನು ಕ್ಯಾಮೆರಾ ಮುಂದೆ ತೋಳು ಚಾಚಿದಾಗ ಕಪ್ಪು ಜಾಕೆಟ್ಟಿನ ಮೇಲೆ ಒಂದು ಚೂರು ಬಂದು ಕೂತಿತು ನೋಡು, ಅಲ್ಲಿ ನಾನು ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿದೆ. ಆರು ಕೈ. ಎಣಿಸಿದೆ. ಒಂದು ಕೈಯ ತುದಿ ಮುರಿದಿತ್ತು. ಇಷ್ಟು ವರ್ಷ ಪುಸ್ತಕದ ಚಿತ್ರ ತೋರಿಸಿ ಪಾಠ ಮಾಡಿದವಳಿಗೆ ಮಗಳ ತೋಳಿನ ಮೇಲೆ ಅದನ್ನು ನೋಡಿದರೆ ಏನಾಗುತ್ತೆ ಹೇಳು? ರೊಟ್ಟಿ ಹೆಂಚಿನ ಮೇಲೇ ಕರಿಕಾಯಿತು.

ಮರುದಿನ ಅದನ್ನು ಕ್ಲಾಸಿಗೆ ತೆಗೆದುಕೊಂಡು ಹೋದೆ. ಗಣರಾಜ್ಯೋತ್ಸವದ ಕವಾಯತು ಮುಗಿಸಿ, ಬೆವರಿ, ಧೂಳು ಮೆತ್ತಿಕೊಂಡು ಬಂದಿದ್ದರು ಮಕ್ಕಳು. ಮೊಬೈಲ್ ಸುತ್ತ ಮುಗಿಬಿದ್ದರು. ಮೊದಲ ಪ್ರಶ್ನೆ ಮೂರನೇ ಬೆಂಚಿನ ಹುಡುಗಿಯದು: “ಟೀಚರ್, ಅದು ಬಿದ್ರ ಸಪ್ಪಳ ಬರ್ತೈತೇನ್ರಿ?” ಎಂಥ ಪ್ರಶ್ನೆ ನೋಡು. ಇಲ್ಲಿ ಮಳೆ ಅಂದರೆ ತಗಡಿನ ಮೇಲೆ ಸಪ್ಪಳ. ಹಿಮ ಬೀಳುವಾಗ ಸಪ್ಪಳ ಇಲ್ಲ, ಬಿದ್ದ ಮೇಲೆ ಊರಿನ ಸಪ್ಪಳವೂ ಕಡಿಮೆ ಆಗುತ್ತೆ, ಯಾಕೆಂದರೆ ಹಿಮದ ಚೂರುಗಳ ನಡುವಿನ ಗಾಳಿ ಸದ್ದನ್ನು ಹೀರುತ್ತೆ ಅಂತ ಹೇಳಿದೆ. ಆದರೆ ಅದು ನಾನು ಓದಿ ಹೇಳಿದ ಮಾತು. ಅವಳಿಗೆ ಕೇಳಿದವರೇ ಹೇಳಬೇಕು. ನೀನು ಬೀದಿಗೆ ಇಳಿದಾಗ ಏನು ಕೇಳಿಸಿತು, ಏನು ಕೇಳಿಸಲಿಲ್ಲ, ಅವಳಿಗೆ ಬರೆ.

ಇನ್ನೊಬ್ಬ ಕೇಳಿದ: “ನೀರಿಗೆ ಬಣ್ಣ ಇಲ್ಲ ಅಂತೀರಿ, ಇದ್ಯಾಕ ಬೆಳ್ಳಗೈತ್ರಿ?” ಇದಕ್ಕೆ ಬಾಯಿ ಮಾತು ಸಾಲದು ಅನ್ನಿಸಿತು. ಗವಿಮಠದ ಜಾತ್ರೆಯ ಅಂಗಡಿಗಳು ಇನ್ನೂ ಎದ್ದಿಲ್ಲ. ಐಸ್ ಗೋಲಾ ಅಂಗಡಿಯಿಂದ ಒಂದು ಗಡ್ಡೆ ಬರ್ಫ ತರಿಸಿದೆ. ಗಡ್ಡೆಯ ಆಚೆಯಿಂದ ಬೆರಳು ಕಾಣುವಷ್ಟು ತಿಳಿಯಾಗಿತ್ತು. ಅದನ್ನು ಟವೆಲ್‌ನಲ್ಲಿ ಸುತ್ತಿ, ಅಂಗಳದ ಕಲ್ಲಿನ ಮೇಲಿಟ್ಟು ಕುಟ್ಟಿಸಿದೆ. ಬಿಚ್ಚಿದರೆ ಒಳಗೆ ಬೆಳ್ಳನೆಯ ಪುಡಿ. “ಬಣ್ಣ ಹಾಕಿದ್ರೇನ್ರಿ?” ಅಂದ ಅದೇ ಹುಡುಗ. ಬಣ್ಣ ಎಲ್ಲಿಂದ ಬರಬೇಕು? ಒಂದು ಗಡ್ಡೆ ಇದ್ದದ್ದು ಸಾವಿರ ಚೂರಾಯಿತು. ಪ್ರತಿ ಚೂರಿನ ಪ್ರತಿ ಮುಖವೂ ಬೆಳಕನ್ನು ಒಂದೊಂದು ಕಡೆ ಚೆದುರಿಸುತ್ತೆ, ಎಲ್ಲ ಬಣ್ಣವೂ ಸೇರಿ ಕಣ್ಣಿಗೆ ಬಿಳಿಯಾಗಿ ಬರುತ್ತೆ. ಹಿಮವೂ ಅಷ್ಟೇ. ಅಷ್ಟರಲ್ಲಿ ಅರ್ಧ ಪುಡಿ ಹುಡುಗರ ಬಾಯಿಗೆ ಹೋಗಿತ್ತು, ಉಳಿದದ್ದು ಒಬ್ಬರ ಅಂಗಿಯೊಳಗೆ ಒಬ್ಬರು ಹಾಕಿದರು. ನಾನು ಬೈಯಲಿಲ್ಲ.

ಆಮೇಲೆ ಭೂಪಟ ಬಿಚ್ಚಿದೆ. ನಿನ್ನ ಊರು ಇರುವುದು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹರಿದ್ವಾರವೂ ಹೆಚ್ಚುಕಡಿಮೆ ಅದೇ ಗೆರೆ. ಹರಿದ್ವಾರದ ಬೀದಿಯಲ್ಲಿ ಎಂಟು ಇಂಚು ಹಿಮ ಅಂದರೆ ಯಾರೂ ನಂಬಲ್ಲ. ಹಾಗಾದರೆ ನಿಮ್ಮಲ್ಲಿ ಹೇಗೆ? ನಮ್ಮ ತಲೆಯ ಮೇಲೆ ಹಿಮಾಲಯ ಪೂರ್ವದಿಂದ ಪಶ್ಚಿಮಕ್ಕೆ ಅಡ್ಡ ನಿಂತಿದೆ, ಉತ್ತರದ ಕೊರೆಯುವ ಗಾಳಿಯನ್ನು ಆಚೆಯೇ ತಡೆಯುತ್ತೆ. ಅಮೆರಿಕದಲ್ಲಿ ದೊಡ್ಡ ಬೆಟ್ಟಸಾಲುಗಳು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತವೆ. ನಡುವೆ ಬರೀ ಬಯಲು. ಕೆನಡಾದ ಕಡೆಯಿಂದ ಹೊರಟ ಧ್ರುವದ ಗಾಳಿಗೆ ಕಡಲ ತನಕ ತಡೆಯೇ ಇಲ್ಲ. ಆದರೆ ಬರೀ ಚಳಿ ಬಂದರೆ ಹಿಮ ಬೀಳಲ್ಲ, ಆ ಗಾಳಿ ಒಣ ಗಾಳಿ. ಈ ಸಲ ಅದೇ ಹೊತ್ತಿಗೆ ನಿಮ್ಮ ದಕ್ಷಿಣದ ಮೆಕ್ಸಿಕೊ ಕೊಲ್ಲಿಯ ಮೇಲೆ ಕಡಿಮೆ ಒತ್ತಡ ಎದ್ದು, ಕಡಲಿನ ತೇವವನ್ನು ಆ ಚಳಿಯ ಮೇಲೆ ತಂದು ಸುರಿಯಿತು. ಎರಡೂ ಒಂದೇ ದಿನ ಕೂಡಿಬರುವುದು ಅಪರೂಪ. ಇದನ್ನು ಹೇಳುವಾಗ ನನ್ನ ಮೈ ಜುಂ ಅಂದಿತು ಪುಟ್ಟಿ.

ನಿನಗೆ ಆಣೆಕಲ್ಲು ಮಳೆ ನೆನಪಿರಬೇಕು. ನೀನಾಗ ಎರಡನೇ ತರಗತಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ನೆಲ ಕಾದು ಕೆಂಡ. ಸಂಜೆಗೆ ಆಕಾಶ ಕಪ್ಪಾಗಿ ಪಟಪಟ ಬಿತ್ತು. ನೀನು ತಂಬಿಗೆ ಹಿಡಿದು ಅಂಗಳಕ್ಕೆ ಓಡಿದೆ, ನಾನು ನಿನ್ನ ತಲೆ ಮೇಲೆ ಪರಾತ ಹಿಡಿದು ಹಿಂದೆ ಓಡಿದೆ. ಒಂದು ದೊಡ್ಡ ಕಲ್ಲನ್ನು ಚಾಕುವಿನಲ್ಲಿ ಸೀಳಿ ತೋರಿಸಿದ್ದೆ: ಒಳಗೆ ಈರುಳ್ಳಿಯ ಹಾಗೆ ಪದರ ಪದರ. ಕಾದ ನೆಲದ ಗಾಳಿ ಜೋರಾಗಿ ಮೇಲೇರುತ್ತೆ, ಮೋಡ ಹತ್ತು ಕಿಲೋಮೀಟರಿಗೂ ಮೇಲೆ ಬೆಳೆಯುತ್ತೆ, ಅದರೊಳಗೆ ಏರುವ ಗಾಳಿ ಆ ಕಲ್ಲನ್ನು ಹಿಡಿದೇ ಇರುತ್ತೆ, ಅದಕ್ಕೆ ನೀರಹನಿ ಬಂದು ಬಂದು ಅಂಟಿ ಹೆಪ್ಪುಗಟ್ಟುತ್ತೆ. ಅದಕ್ಕೇ ನಮ್ಮಲ್ಲಿ ಆಕಾಶದಿಂದ ಮಂಜುಗಡ್ಡೆ ಬೀಳುವುದು ಬೇಸಿಗೆಯಲ್ಲಿ. ನಿನ್ನ ಹಿಮ ಹಾಗಲ್ಲ. ಮೋಡದೊಳಗಿನ ಆವಿ ನೀರಾಗದೆಯೇ ನೇರ ಹರಳಾಗಿ, ಆರು ಕಡೆ ಕೈ ಚಾಚುತ್ತಾ, ಮೆಲ್ಲಗೆ ಇಳಿಯುತ್ತೆ.

ಅವತ್ತು ನೀನು ತಂಬಿಗೆ ತುಂಬಿ ಕುಣಿಯುತ್ತಿರುವಾಗಲೇ ಗಂಗಾವತಿಯಿಂದ ನಿನ್ನ ಕಾಕಾನ ಫೋನ್ ಬಂತು. ಕೊಯ್ಲಿಗೆ ಬಂದ ಭತ್ತ ಅಷ್ಟೂ ಉದುರಿತ್ತು. ನಾನು ಫೋನಿಟ್ಟು ಹೊರಗೆ ಬಂದೆ. ನಿನ್ನ ಕುಣಿತ ನಿಲ್ಲಿಸಲಿಲ್ಲ. ಎರಡನೇ ತರಗತಿಯ ಮಗು, ಅದರ ಸಂತೋಷದಲ್ಲಿ ಏನು ತಪ್ಪು? ರಾತ್ರಿ ಊಟದ ಹೊತ್ತಿಗೆ ಕಾಕಾನ ವಿಷಯ ಹೇಳಿದೆ. ನೀನು ತಂಬಿಗೆಯ ನೀರನ್ನು ತುಳಸಿಗೆ ಹಾಕಿ ಬಂದೆ. ಈಗಲೂ ನಿನಗೆ ಅದನ್ನೇ ಹೇಳುತ್ತೇನೆ. ಕುಣಿ, ಉಂಡೆ ಕಟ್ಟಿ ಎಸೆ, ರಟ್ಟಿನ ಮೇಲೆ ಕೂತು ಜಾರು. ನಿಮ್ಮ ಊರಿನ ಬರ್ಬನ್ ಬೀದಿಯಲ್ಲಿ ಜನ ಸ್ಕೀ ಮಾಡಿದ್ದನ್ನು, ಕ್ರೈಸ್ತ ಸನ್ಯಾಸಿನಿಯರು ಪಾದ್ರಿಯ ಜೊತೆ ಹಿಮದುಂಡೆ ಆಟ ಆಡಿದ್ದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಜೊತೆಗೇ ಕೆಳಗಿನ ಮನೆಯ ಅಜ್ಜಿಯ ಬಾಗಿಲು ದಿನಕ್ಕೆರಡು ಸಲ ತಟ್ಟು. ಈ ಹಿಮದಲ್ಲಿ ಜೀವ ಕಳೆದುಕೊಂಡವರೂ ಇದ್ದಾರೆ. ಆಕೆಯ ಮನೆ ಬೆಚ್ಚಗಿದೆಯಾ, ಹಾಲು-ಬ್ರೆಡ್ ಇದೆಯಾ ಕೇಳು.

ನಿನ್ನ ವಿಷಯಕ್ಕೂ ಒಂದೆರಡು ಮಾತು. ಅಲ್ಲಿಯ ಹಳೇ ಮನೆಗಳು ನೆಲದಿಂದ ಎತ್ತರದಲ್ಲಿ, ಕಂಬದ ಮೇಲೆ ಇರುತ್ತವಲ್ಲ, ನೀರಿನ ಪೈಪು ಅಡಿಯಲ್ಲಿ ಬಯಲಿಗೇ ಬಿದ್ದಿರುತ್ತೆ. ಒಳಗೆ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಪೈಪು ಒಡೆಯುತ್ತೆ. ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡು. ಹಗಲು ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾಗಿ, ಕಣ್ಣಿಗೆ ಕಾಣದ ಗಾಜಾಗುತ್ತೆ. ಸೇತುವೆಗಳ ಮೇಲೆ ಜಾಸ್ತಿ, ಅಡಿಯಿಂದಲೂ ಚಳಿಗಾಳಿ ಬೀಸುತ್ತಲ್ಲ. ಗೆಳೆಯರು ಕಾರು ತೆಗೆದರೂ ಹತ್ತಬೇಡ.

ಇನ್ನು ನಿನ್ನ ಕೆಲಸ. ಎಂಟು ಇಂಚು ಹಿಮ ಕರಗಿದರೆ ಎಷ್ಟು ನೀರು ಅಂತ ಕ್ಲಾಸಲ್ಲಿ ಕೇಳಿದೆ. ಎಲ್ಲರೂ ಮೊಣಕಾಲುದ್ದ ಅಂದರು. ಸಾಮಾನ್ಯವಾಗಿ ಹತ್ತು ಇಂಚಿಗೆ ಒಂದು ಇಂಚು ನೀರು, ನಮ್ಮ ಲೆಕ್ಕದಲ್ಲಿ ಒಂದು ಹದ ಮಳೆ ಅಷ್ಟೇ ಅಂದಾಗ ಯಾರೂ ಒಪ್ಪಲಿಲ್ಲ. ನೀನು ಅಳೆದು ತೋರಿಸು. ಇನ್ನೂ ನೆರಳಿನ ಕಡೆ ಹಿಮ ಉಳಿದಿದೆ ಅಂದೆಯಲ್ಲ, ಯಾರೂ ತುಳಿಯದ ಜಾಗದಿಂದ ಒಂದು ನೇರ ಗ್ಲಾಸಿನ ತುಂಬ ತುಂಬು. ಒತ್ತಬೇಡ. ಒಳಗಿಟ್ಟು ಕರಗಲು ಬಿಟ್ಟು, ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೊ ತೆಗೆ. ಬಿದ್ದು ಎರಡು ದಿನ ಆಗಿರುವುದರಿಂದ ಹಿಮ ತಾನೇ ಕುಸಿದಿರುತ್ತೆ, ನೀರು ಸ್ವಲ್ಪ ಜಾಸ್ತಿ ಬರಬಹುದು. ಅದನ್ನೂ ಅವರಿಗೆ ಹೇಳುತ್ತೇನೆ.

ಅವರಿಗೆ ವಿಲ್ಸನ್ ಬೆಂಟ್ಲಿಯ ಕಥೆ ಹೇಳಿದ್ದೇನೆ. ಅಮೆರಿಕದ ವರ್ಮಾಂಟ್ ರಾಜ್ಯದ ರೈತರ ಮನೆಯ ಹುಡುಗ. 1885ರಲ್ಲಿ, ಇನ್ನೂ 19 ವರ್ಷ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಒಂದು ಹರಳಿನ ಫೋಟೊ ತೆಗೆದ. ಕಪ್ಪು ಹಲಗೆ ಹಿಡಿದು ಹಿಮಕ್ಕೆ ಕಾಯುತ್ತಿದ್ದ, ಉಸಿರು ತಾಗಿದರೆ ಕರಗೀತು ಅಂತ ಉಸಿರು ಬಿಗಿಹಿಡಿಯುತ್ತಿದ್ದ. ಸಾಯುವ ತನಕ ಐದು ಸಾವಿರಕ್ಕೂ ಜಾಸ್ತಿ ಫೋಟೊ ತೆಗೆದ. ಒಕ್ಕಲುತನ ಮಾಡುತ್ತಲೇ ಇಷ್ಟೆಲ್ಲಾ ಮಾಡಿದ ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು. ನಿನ್ನ ಜಾಕೆಟ್ಟಿನ ಮೇಲಿನ ಚೂರನ್ನು ಪ್ರಿಂಟ್ ಹಾಕಿಸಿ ಬೆಂಟ್ಲಿಯ ಪಕ್ಕ ಅಂಟಿಸಿದ್ದೇನೆ. ಮುರಿದ ಕೈ ಇದ್ದದ್ದೇ ಚೆಂದ ಅಂತ ಅವರ ತೀರ್ಮಾನ.

ಉಳಿದ ಪ್ರಶ್ನೆಗಳು ಇವು. ನಾಯಿಗಳು ಹೊರಗೆ ಬಂದವಾ? ಹಕ್ಕಿಗಳು ಎಲ್ಲಿ ಹೋದವು? ಬಾಯಿಗೆ ಹಾಕಿಕೊಂಡರೆ ರುಚಿ ಇದೆಯಾ? ಬಾಳೆಗಿಡ ಬದುಕಿತಾ? ಬರಿಗೈಯಲ್ಲಿ ಎಷ್ಟು ಹೊತ್ತು ಹಿಡಿಯಬಹುದು? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆ, ಅದಕ್ಕೇ ವಾಯ್ಸ್ ಮೆಸೇಜ್ ಬೇಡ ಅಂದದ್ದು. ಓದಿ, ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರಂತೆ.

ಭಾನುವಾರ ಧ್ವಜಾರೋಹಣಕ್ಕೆ ಎಲ್ಲರೂ ಬರುತ್ತಾರೆ. ನಿಮ್ಮಲ್ಲಿ ಶನಿವಾರ ಬೆಳಗಾಗುವುದರೊಳಗೆ ಕಳಿಸಿದರೆ ನಾನು ರಾತ್ರಿಯೇ ಪ್ರಿಂಟ್ ತೆಗೆಸಿ, ಲಾಡು ಹಂಚುವಾಗ ಜೊತೆಗೆ ಕೊಡುತ್ತೇನೆ. ನಲ್ಲಿ ಬಿಟ್ಟೆಯಾ ಇಲ್ವಾ, ಅದನ್ನೂ ಬರೆ.

ನಿನ್ನ
ಅವ್ವ